ಯಾರ ಕೋಂ?

ಎರಡು ಸಾವಿರದ ಎಂಟರ ಮಾತು. ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಅಕ್ಕ ತಂಗಿ ಕೂತಿದ್ದರು. ತಂಗಿಯ ಕೈಯಲ್ಲಿ ಸೈಬರ್ ಸೆಂಟರಿನಿಂದ ಆಗಷ್ಟೇ ತಂದ ಅಕ್ಕನ ವಿಲ್ ಇತ್ತು.

"ಪತ್ರ ಬರೆಯೋರ ತಾವ ಓಗ್ಲೇ ಇಲ್ಲ ಕಣಕ್ಕ. ಕೇಳಿದ್ದನ್ನೆಲ್ಲ ತುಂಬ್ದೆ, ಇಂಟರ್ನೆಟ್ಟೇ ಬರ್ಕೊಡ್ತು!"

"ಯಾವ ಇಂಟರ್ನೆಟ್ಟು?"

"ಅದ್ಯಾವ್ದೋ ಡಾಟ್ ಕಾಂ."

"ಕೋಂ? ಯಾರ ಎಂಡ್ತಿ ಅವ್ಳು?"

ಆಸ್ತಿ ಪತ್ರಗಳಲ್ಲಿ ಹೆಂಗಸಿನ ಹೆಸರಿಗೆ ಗಂಡನ ಹೆಸರನ್ನು ಅಂಟಿಸುವ ಪದ ಈ 'ಕೋಂ'. ತಂಗಿ ಬಿದ್ದು ಬಿದ್ದು ನಕ್ಕಳು.

"ಆ ಕೋಂ ಅಲ್ಲ ಕಣಕ್ಕ!"

ಅಕ್ಕ ನಗಲಿಲ್ಲ. "ನನ್ ಎಸ್ರಿಗೂ ಕೋಂ ಆಕಿ, ಆ ಬಿಟ್ಟೋದೋನ್ನ ಬರ್ದೈತಾ?"

"ಇಲ್ಲ. ಗಂಡನ ಎಸ್ರಾ, ಅಪ್ಪಂದಾ, ಅವ್ವಂದಾ ಅಂತ ಕೇಳ್ತು. ನಾನು ಅವ್ವಂದು ಒತ್ತಿದೆ."

"ಅವ್ವಂದಾ? ಅಂಗೂ ಬರೀಬೋದಾ? ಓದು, ಓದು!"

"ಬೋರಮ್ಮ, ಕೆಂಚಮ್ಮನವರ ಮಗಳು."

"ಇನ್ನೊಂದ್ಸಲ ಓದೇ."

ಓದಿದಳು. ಅಷ್ಟರಲ್ಲಿ ಹೊಳೆನರಸೀಪುರದ ಬಸ್ ಬಂತು, ಜನ ಬಾಗಿಲಿಗೆ ಮುತ್ತಿಕೊಂಡರು. ಅಕ್ಕ ಸೆರಗು ಸಿಕ್ಕಿಸಿ ಗುಂಪಿನೊಳಗೆ ನುಗ್ಗಿದಳು.

"ಏಯ್, ದಾರಿ ಬಿಡ್ರೋ! ಕೆಂಚಮ್ಮನ ಮಗಳು ಬತ್ತಾವ್ಳೆ!"