ಅವರ ಖಲಾಸ್, ನಮ್ಮ ಖಲಾಸ್

ಒಮಾನಿನ ವಾದಿ ಕಬೀರಿನ ಬಸ್‌ಸ್ಟಾಪಿನಲ್ಲಿ ಮುಂದೆ ನಿಂತಿದ್ದ ಇಬ್ಬರು ಮಂಗಳೂರು ಕನ್ನಡದಲ್ಲಿ ಮಾತಾಡಿದ್ದೇ ತಡ, ವಸಂತಿಯ ಕಿವಿ ಚುರುಕಾಯಿತು.

"ನನ್ನ ರಜೆಯ ಸಂಬಳ ಹೋಯಿತು ಸಂಕಪ್ಪಣ್ಣ. ಮೇಲ್ ಮೇಲೆ ಮೇಲ್ ಹಾಕಿದ್ದಕ್ಕೆ ಇವತ್ತು ಆಫೀಸಿನಿಂದ ಉತ್ತರ ಬಂತು."

"ಎಂತ ಬರೆದಿದ್ದಾರೆ ಡೆಸ್ಮಂಡ್?"

"'ಲೀವ್ ಸ್ಯಾಲರಿ ಖಲಾಸ್' ಅಂತ. ಅಷ್ಟೇ."

"ಬರೆದದ್ದು ಯಾರು?"

"ಹೊಸ ಒಮಾನಿ ಮ್ಯಾನೇಜರ್."

ಸಂಕಪ್ಪ ಗೊಳ್ಳನೆ ನಕ್ಕರು. "ಅದು ನಮ್ಮೂರಿನ ಖಲಾಸ್ ಅಲ್ಲ ಮಾರಾಯ! ಇವರು ಖಲಾಸ್ ಅಂದರೆ ಕೆಲಸ ಆಯಿತು ಅಂತ. ಬ್ಯಾಂಕ್ ನೋಡು."

ಡೆಸ್ಮಂಡ್ ಫೋನ್ ಒತ್ತಿದ. ವಸಂತಿಯೂ ಉಸಿರು ಬಿಗಿಹಿಡಿದಳು.

"ದೇವರೇ, ಬಂದುಂಟು!"

"ಮತ್ತೆ ಮುಖ ಯಾಕೆ ಹಾಗೆ?"

"ಊರಲ್ಲಿ ಹೆಂಡತಿ ಅಳುತ್ತಾ ಕೂತಿದ್ದಾಳೆ. ಬೆಳಿಗ್ಗೆ ಅವಳಿಗೂ 'ಖಲಾಸ್' ಅಂತಲೇ ಕಳಿಸಿದ್ದೆ. ಈಗ ಎಂತ ಬರೆಯುವುದು?"

ಅಷ್ಟರಲ್ಲಿ ಅವರ ಬಸ್ಸು ಬಂತು. ಮೆಟ್ಟಿಲು ಹತ್ತುತ್ತಾ ಸಂಕಪ್ಪ ಹೇಳಿದರು:

"ಎಂತ ಬೇಕಾದರೂ ಬರೆ. ಖಲಾಸ್ ಅಂತ ಮಾತ್ರ ಬರೆಯಬೇಡ!"