ವೈನಿಗಿಲ್ಲದ ಕೋಣೆ

ಗದಗಿನ ಕಡೆಯ ಒಂದೂರಿನಲ್ಲಿ ಅಂದಾನೆಪ್ಪ ಎಂಬ ಅರಳೆ ವ್ಯಾಪಾರಿ ಇದ್ದ. ಶ್ರೀಮಂತ. ಎಷ್ಟು ಶ್ರೀಮಂತನೆಂದರೆ, ಅಜ್ಜ ಕಟ್ಟಿದ ಮನೆಯಲ್ಲಿರಲು ಅವನಿಗೆ ನಾಚಿಕೆ! ಸಾಗವಾನಿ ಕಂಬ, ಮಣ್ಣಿನ ಮಾಳಿಗೆ, ಬೇಸಿಗೆಯಲ್ಲೂ ತಣ್ಣಗಿರುವ ಪಡಸಾಲೆ, ಇದೆಲ್ಲ ಅವನ ಕಣ್ಣಿಗೆ ಹಳೇ ಕಸ.

ಆ ಮನೆಯಲ್ಲಿ ಅವನ ವೈನಿ, ಅಂದರೆ ಸತ್ತ ಅಣ್ಣನ ಹೆಂಡತಿ, ನೀಲಗಂಗವ್ವ ಇದ್ದಳು. ತಾಯಿ ಇಲ್ಲದ ಅಂದಾನೆಪ್ಪನನ್ನು ಐದನೇ ವಯಸ್ಸಿನಿಂದ ಎತ್ತಿ ಬೆಳೆಸಿದವಳು ಅವಳೇ. ಹಿತ್ತಿಲ ಕಡೆಯ ಕೋಣೆ ಅವಳದು.

"ವೈನಿ, ಈ ಮನಿ ಹೊಸದಾಗಿ ಕಟ್ಟಸ್ತೀನಿ. ಕೆಲಸ ಮುಗಿಯೂಮಟಾ ಬಾಡಿಗಿ ಕೋಲ್ಯಾಗ ಇರ್ರಿ. ನಾಕ ತಿಂಗಳ ಅಷ್ಟ," ಎಂದ.

ನಾಲ್ಕು ತಿಂಗಳು ಎರಡು ವರ್ಷವಾಯಿತು. ಮುಂದೆ ಗಾಜು, ಮೇಲೊಂದು ಅಂತಸ್ತು, ಹಿಂದೆ ಹಿತ್ತಿಲನ್ನೂ ನುಂಗಿ ಕಟ್ಟಿದ. ಹನ್ನೊಂದು ಕೋಣೆ! ವ್ಯಾಯಾಮಕ್ಕೊಂದು, ಟಿವಿ ನೋಡಲಿಕ್ಕೇ ಒಂದು. ಬೂಟಿಗೂ ಒಂದು ಕೋಣೆ, ನೋಡಿ! ನಗಬೇಡಿ, ಭಕ್ತರೇ. ನೀವು ಬರೆಸಿದ ನಕ್ಷೆಯೂ ಇಂಥದ್ದೇ.

ಗೃಹಪ್ರವೇಶದ ದಿನ ನೀಲಗಂಗವ್ವ ಹಾಸಿಗೆ ಸುತ್ತಿಕೊಂಡು ಬಂದಳು. ನೇರ ತನ್ನ ಕೋಣೆಗೆ ಹೋದಳು. ಅಲ್ಲಿ ಬಿಳಿ ಅಮೃತಶಿಲೆಯ ದೇವರಮನೆ.

"ನಾ ಎಲ್ಲೆ ಮಲಗಲೆಪಾ?"

ಬಂದ ಜನರ ಮುಂದೆ ಅವನಿಗೆ ಮುಜುಗರ. "ಫರಸಿ ನೆಲ ಭಾಳ ಜಾರತೈತ್ರಿ ವೈನಿ, ಬಿದ್ದಗಿದ್ದೀರಿ. ನೀವು ಆ ಬಾಡಿಗಿ ಕೋಲ್ಯಾಗ ಆರಾಮ ಇರ್ರಿ."

"ನಲವತ್ತ ವರ್ಷ ಈ ಮನ್ಯಾಗ ಒಮ್ಮೆನೂ ಬಿದ್ದಿಲ್ಲೋ ತಮ್ಮಾ. ಇವತ್ತ ಬಿದ್ದೆ."

ಉಣ್ಣದೆ ಹೊರಟಳು. ಆ ಗೋಡೆಗಳನ್ನು ಕಟ್ಟಿದ ಗೌಂಡಿ ಫಕೀರಪ್ಪ ಪಂಕ್ತಿಯಲ್ಲಿದ್ದ. ಅರ್ಧ ಉಂಡ ಎಲೆ ಬಿಟ್ಟು ಎದ್ದ. "ಅವ್ವಾರ, ನಮ್ದು ಎರಡ ಕೋಲಿ ಮನಿ. ಒಂದ ನಿಮಗ," ಎಂದು ಹಾಸಿಗೆ ಹೊತ್ತು ನಡೆದ. ಅವಳು ಇವತ್ತಿಗೂ ಅಲ್ಲೇ ಇದ್ದಾಳೆ. ಅಂದಾನೆಪ್ಪ ಎರಡು ಸಲ ಸೀರೆ ಕಳಿಸಿದ. ಎರಡು ಸಲವೂ ತಿರುಗಿ ಬಂತು.

ಆ ದಿನ ಮಣೆ ಮೇಲೆ ಕೂತು, ಎಲ್ಲ ಕೇಳಿಯೂ ಹೋಳಿಗೆ ಉಂಡ ಸ್ವಾಮಿ ಯಾರು? ನಾನೇ. ಆಶೀರ್ವಾದ ಮಾಡಿದ ಬಾಯಿ ಇದೇ. ನನಗೆ ನಾಚಿಕೆಯಾಗಿದೆ. ನಿಮಗೆ?

ದೇವರು ಅಮೃತಶಿಲೆ ಕೇಳಿದನೇ? ಒಬ್ಬ ಮುದುಕಿಯನ್ನು ಎಬ್ಬಿಸಿ ನನ್ನನ್ನು ಕೂರಿಸು ಎಂದನೇ? ಇವತ್ತು ಮನೆಗೆ ಹೋಗಿ ನೋಡಿ. ಮೆಟ್ಟಿಲ ಕೆಳಗೆ ಯಾರು ಮಲಗುತ್ತಾರೆ? ಅವರನ್ನು ಗಾಳಿ ಬೆಳಕಿರುವ ಕೋಣೆಗೆ ಕರೆತನ್ನಿ. ನಾಳೆಯಲ್ಲ, ಇವತ್ತೇ.

ಇನ್ನು ಮೇಲೆ ಗೃಹಪ್ರವೇಶಕ್ಕೆ ಕರೆಯಲು ಬಂದರೆ ನಕ್ಷೆ ತನ್ನಿ. ನಿಮಗಾಗಿ ದುಡಿದು ಸವೆದವರ ಮಂಚ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿ. ತೋರಿಸಲಾಗದಿದ್ದರೆ ಕರೆಯಬೇಡಿ, ನಾನು ಬರುವುದಿಲ್ಲ.