ಯಾದಿಯಿಂದ ತೆಗೆದ ಕೆಲಸ

ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಮಗಳಿಗೆ ಬಾಳೆಹಣ್ಣು ತಿನ್ನಿಸುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ ಅಜ್ಜಿ, ಮೊಮ್ಮಗಳು ಮಾತಾಡುತ್ತಿದ್ದರು.

“ಸ್ನೇಹಲ, ವಿಲಾಯತಿ ವೀಸಾದ್ದು ಏನಾತ?”

“ರೂಲ್ಸ್ ಬದಲಿ ಮಾಡ್ಯಾರ, ಆಯಿ. ಮುದುಕರ ಸೇವಾ ಮಾಡೋರಿಗೆ ಇನ್ನ ವೀಸಾ ಇಲ್ಲಂತ.”

“ಎರಡು ವರ್ಷ ಟ್ರೇನಿಂಗ್ ಮಾಡಿದಿ. ಇಂಗ್ಲಿಷ್ ಪರೀಕ್ಷಾನೂ ಪಾಸಾದಿ.”

“ಹುನರ್, ಕೌಶಲ್ಯ ಇದ್ದ ಕೆಲಸಗಳ ಯಾದಿಯೊಳಗಿಂದ ನಮ್ಮ ಕೆಲಸಾನೇ ತೆಗದಾರ.”

“ಯಾಕ? ಅಲ್ಲಿಯ ಮುದುಕರು ತಾವೇ ಎದ್ದು ಓಡ್ಯಾಡಾಕತ್ತಾರೇನು?”

“ಮುದುಕರನ್ನ ಎತ್ತಿ ಕೂಡ್ಸೋದು ಹುನರ್ ಅಲ್ಲಂತ.”

“ಹುನರ್ ಅಲ್ಲೇನು? ಇದು ಅವರ ಹುನ್ನಾರ.”

“ನಗಬ್ಯಾಡ ಆಯಿ. ಇನ್ನ ಅರ್ಜಿಯೊಳಗ ಯಾವ ಕೆಲಸ ಅಂತ ಬರೀಲಿ?”

ಅಷ್ಟರಲ್ಲಿ ಚಿಟಗುಪ್ಪದ ಬಸ್ ಬಂತು. ಸ್ನೇಹಲ ಅಜ್ಜಿಯ ಬಗಲಿಗೆ ಒಂದು ಕೈ, ಸೊಂಟಕ್ಕೆ ಒಂದು ಕೈ ಕೊಟ್ಟು, ಮೊಣಕಾಲು ನೋಯದಂತೆ ಮೆಟ್ಟಿಲು ಹತ್ತಿಸಿದಳು.